ಉಮರಾಕ ಬ್ರೇಕು ಒತ್ತಿ ಕೂತದ್ದು

ನಮ್ಮ ಸಿಟೌಟಿನ ದಂಡೆಯ ಮೇಲೆ ಹಳೆಯ ಪತ್ರಿಕೆಯಲ್ಲಿ ಸುತ್ತಿದ ನಾಲ್ಕು ರಬ್ಬರು ಪೈಪುಗಳು ಬಿದ್ದುಕೊಂಡಿವೆ. ಮೊಳದುದ್ದಕ್ಕೂ ಕಡಿಮೆ, ಕಿರುಬೆರಳಿನ ದಪ್ಪ. ಮೊನ್ನೆಯವರೆಗೆ ಇವು ನನ್ನ ಕಾರಿನ ಚಕ್ರಗಳಿಗೆ ಬ್ರೇಕ್ ಆಯಿಲ್ ಒಯ್ಯುತ್ತಿದ್ದವು. ಗ್ಯಾರೇಜಿನ ಗಿಲ್ಬರ್ಟ್ ಬಿಚ್ಚಿ ತೆಗೆದು, "ನಿಮ್ಮ ಸಾಮಾನು ನಿಮಗೆ" ಎಂದು ಕೈಗೆ ಕೊಟ್ಟಿದ್ದರು. ಎಸೆಯಲೆಂದು ತಂದವನು ಇನ್ನೂ ಎಸೆದಿಲ್ಲ. ಬೆಳಿಗ್ಗೆ ಪೇಪರು ಹೆಕ್ಕಲು ಹೊರಗೆ ಬಂದಾಗ ಆ ಪೊಟ್ಟಣದಿಂದ ಒಂದು ವಾಸನೆ ಬರುತ್ತದೆ. ಹರಳೆಣ್ಣೆಯ ದೂರದ ಸಂಬಂಧಿ ಇರಬಹುದು ಅನ್ನಿಸುವಂಥದ್ದು, ಸ್ವಲ್ಪ ಸಿಹಿ, ಸ್ವಲ್ಪ ಕಮಟು. ಅದು ಮೂಗಿಗೆ ಬಿದ್ದಾಗಲೆಲ್ಲ ಹುಟ್ಟಿದೂರಿನ ಉಮರಾಕನ ಬಾಡಿಗೆ ಕಾರು ನೆನಪಾಗುತ್ತದೆ. ನೆನಪಾಗುತ್ತದೆ ಎಂದು ನನಗೆ ಅನ್ನಿಸುತ್ತದೆ, ಎಂದು ಬರೆದರೆ ಹೆಚ್ಚು ಸರಿಯಾದೀತು. ನಾನು ಇತಿಹಾಸ ಪಾಠ ಮಾಡುವವನು. ಸಾಕ್ಷ್ಯವಿಲ್ಲದೆ ಏನನ್ನೂ ಹೇಳಬಾರದೆಂದು ಮಕ್ಕಳಿಗೆ ಕಲಿಸುತ್ತ ಬಂದವನಿಗೆ ತನ್ನ ತಲೆಯೊಳಗೇ ಇಷ್ಟೊಂದು ಸಾಕ್ಷ್ಯವಿಲ್ಲದ ಸರಕು ಇರುವುದು ಒಂಥರಾ ಮುಜುಗರ.

ಮೊದಲು ಪೈಪಿನ ವಿಷಯ ಹೇಳಿಬಿಡುತ್ತೇನೆ.

ಅದು ಹುಟ್ಟಿದ್ದು ಮಗಳು ದೀಕ್ಷಾಳ ಕೆಲಸದಿಂದ. ಉಜಿರೆಯ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಅವಳಿಗೆ ಕೆಲಸ ಸಿಕ್ಕಿತು. ನಮ್ಮ ಮನೆ ಬಂಟ್ವಾಳದಲ್ಲಿ. ಬೆಳಿಗ್ಗೆ ಬಸ್ಸು ಹತ್ತಿದರೆ ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆ, ಬೆಳ್ತಂಗಡಿ ಎಲ್ಲ ದಾಟಿ ಉಜಿರೆ ತಲುಪುವಾಗ ಅರ್ಧ ಜೀವ ಹೋಗಿರುತ್ತದೆ. ನಾನಾದರೆ ಮೂಡುಬಿದಿರೆಯ ಹತ್ತಿರ ಮಿಜಾರಿಗೆ ಕಾಲೇಜು ಬಸ್ಸಿನಲ್ಲಿ ಹೋಗಿಬರುತ್ತೇನೆ. ಕಾರು ಹೊರಗೆ ಬರುವುದು ಮದುವೆ, ಗೃಹಪ್ರವೇಶಗಳಿಗೆ ಮಾತ್ರ.

"ಪಪ್ಪ, ಕಾರು ಸುಮ್ಮನೆ ನಿಂತದ್ದಲ್ವಾ? ನಾನು ತಕೊಂಡು ಹೋಗ್ತೇನೆ" ಎಂದಳು ಒಂದು ದಿನ.

"ತಕೊಂಡು ಹೋಗು. ಬ್ರೇಕು ಸ್ವಲ್ಪ ಮೆತ್ತಗೆ ಉಂಟು. ಅದೊಂದು ಸರಿ ಮಾಡಿಸಿ ಕೊಡ್ತೇನೆ" ಎಂದೆ.

ಆಗ ಮಳೆ ಶುರುವಾಗಿರಲಿಲ್ಲ. ಮಳೆ ಬಂತು, ನಾಟಿ ಮುಗಿಯಿತು, ಚೌತಿ ಕಳೆಯಿತು. ನಾನು ಬ್ರೇಕು ಸರಿ ಮಾಡಿಸುತ್ತಲೇ ಇದ್ದೆ.

ಬ್ರೇಕು ಮೆತ್ತಗಿದ್ದದ್ದು ಸುಳ್ಳಲ್ಲ. ಪೆಡಲ್ ಒತ್ತಿದಾಗ ಎಣ್ಣೆಯ ಒತ್ತಡಕ್ಕೆ ಹಳೆಯ ರಬ್ಬರು ಪೈಪು ಕೊಂಚ ಉಬ್ಬುತ್ತದೆ, ಕಾಲಿನ ಬಲದಲ್ಲಿ ಒಂದು ಪಾಲು ಚಕ್ರಕ್ಕೆ ಹೋಗುವ ಬದಲು ಆ ಉಬ್ಬಿಗೇ ಖರ್ಚಾಗುತ್ತದೆ. ಹೊಸ ರಬ್ಬರು ಪೈಪು ಹಾಕಿಸಿದರೆ ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕೆಲಸ. ಆದರೆ ನಾನು ಓದಿಕೊಂಡವನಲ್ಲವೇ, ಓದಿದೆ. ಸ್ಟೀಲಿನ ಸಣ್ಣ ತಂತಿಗಳನ್ನು ಜಡೆಯಂತೆ ಹೆಣೆದು ಹೊದಿಸಿದ ಪೈಪುಗಳು ಬರುತ್ತವೆ, ಅವು ಉಬ್ಬುವುದಿಲ್ಲ, ಪೆಡಲ್ ಗಟ್ಟಿಯಾಗುತ್ತದೆ ಎಂದು ಗೊತ್ತಾಯಿತು. ಅಲ್ಲಿಂದ ಶುರುವಾಯಿತು. ಹೆಣಿಗೆಯ ಮೇಲೆ ಪ್ಲಾಸ್ಟಿಕ್ಕಿನ ಹೊದಿಕೆ ಇದ್ದದ್ದೋ ಇಲ್ಲದ್ದೋ? ಇಲ್ಲದಿದ್ದರೆ ನಮ್ಮ ಕೆಂಪು ದೂಳು ತಂತಿಗಳ ನಡುವೆ ಹೊಕ್ಕು ಒಳಗಿನ ನಳಿಗೆಯನ್ನು ಉಜ್ಜುತ್ತದಂತೆ. ಇದ್ದರೆ ಪಾರದರ್ಶಕವೋ ಕಪ್ಪೋ? ತುದಿಯ ಜೋಡಣೆ ಯಂತ್ರದಲ್ಲಿ ಒತ್ತಿ ಕೂರಿಸಿದ್ದೋ, ತಿರುಗಿಸಿ ಬಿಗಿದದ್ದೋ? ಒತ್ತಡದ ಪರೀಕ್ಷೆ ಮಾಡಿದ್ದಕ್ಕೆ ಪ್ರಮಾಣಪತ್ರ ಉಂಟೋ? ಮಿಜಾರಿಗೆ ಹೋಗುವ ಬಸ್ಸಿನಲ್ಲಿ ಕೂತು ನಾನು ಇದನ್ನೆಲ್ಲ ಓದುತ್ತಿದ್ದೆ. ಪಕ್ಕದ ಸೀಟಿನ ಗಣಿತದ ಮೇಷ್ಟರು ಒಮ್ಮೆ ಇಣುಕಿ ನೋಡಿ, "ಎಂತ ಮಾರಾಯ್ರೆ, ರೇಸಿಗೆ ಹೋಗ್ಲಿಕ್ಕುಂಟಾ?" ಎಂದು ಕೇಳಿದರು.

ಕಡೆಗೂ ಒಂದು ಪೊಟ್ಟಣ ಬಂತು. ಊಟದ ಮೇಜಿನ ಮೇಲೆ ಬಿಚ್ಚಿದೆ. ಬೆಳ್ಳಿಯ ಹಾಗೆ ಮಿನುಗುವ ನಾಲ್ಕು ಪೈಪು. ಹೆಂಡತಿ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು ನೋಡಿದಳು.

"ಅಂತೂ ತಂದ್ರಲ್ಲ. ಮೇಲಿನ ಬಚ್ಚಲಿನ ಗೀಸರಿನದ್ದು ಸೋರ್ತಾ ಇತ್ತು."

"ಇದು ಗೀಸರಿನದ್ದಲ್ಲ. ಕಾರಿನ ಬ್ರೇಕಿನದ್ದು."

ಅವಳು ಒಂದನ್ನು ಎತ್ತಿ ಬಾಗಿಸಿ, ಬಚ್ಚಲಿನ ಕಡೆ ನೋಡಿ, ನನ್ನ ಕಡೆ ನೋಡಿ, ವಾಪಸು ಇಟ್ಟಳು. ನಿಜಕ್ಕೂ ಎರಡೂ ನೋಡಲು ಒಂದೇ ಹಾಗೆ ಇರುತ್ತವೆ. ಇಷ್ಟು ತಿಂಗಳ ಸಂಶೋಧನೆಯ ಫಲ ನಮ್ಮ ಬಚ್ಚಲಲ್ಲಿ ಬಹಳ ಹಿಂದಿನಿಂದಲೇ ತೂಗುತ್ತಿತ್ತು.

ಸಂಜೆ ದೀಕ್ಷಾ ಬಂದಳು. ಅಂಗಳದಲ್ಲಿ ಕಾರಿನ ಪಕ್ಕ ಕೂತು ಪೈಪನ್ನು ಚಕ್ರದ ಹತ್ತಿರ ಹಿಡಿದು ನೋಡಿದಳು.

"ಅಳತೆ ತೆಗೆಯುವಾಗ ಚಕ್ರ ಹೇಗಿತ್ತು ಪಪ್ಪ?"

"ಹೇಗೆ ಅಂದ್ರೆ? ನೆಟ್ಟಗೆ."

"ಸ್ಟಿಯರಿಂಗ್ ತಿರುಗಿಸಿ ನೋಡಲಿಲ್ವಾ?"

ಒಳಗೆ ಕೂತು ಅವಳೇ ಪೂರ್ತಿ ತಿರುಗಿಸಿದಳು. ಚಕ್ರ ಹೊರಕ್ಕೆ ಹೊರಳಿತು. ಹಳೆಯ ರಬ್ಬರು ಪೈಪು ಆರಾಮವಾಗಿ ಅದರ ಜೊತೆ ಹೋಯಿತು. ನನ್ನ ಸ್ಟೀಲಿನ ಪೈಪನ್ನು ಪಕ್ಕದಲ್ಲಿ ಹಿಡಿದರೆ ಎರಡು ಬೆರಳಿನಷ್ಟು ಗಿಡ್ಡ. ಅಂಗಳದಲ್ಲಿ ನೆಟ್ಟಗೆ ನಿಂತ ಕಾರಿಗೆ ಅದು ಸರಿಯಾದ ಅಳತೆ, ಹೊರಗೆ ಹೋಗಿ ತಿರುಗುವ ಕಾರಿಗೆ ಅಲ್ಲ. ಎಳೆದು ಎಳೆದು ಯಾವುದಾದರೊಂದು ತಿರುವಿನಲ್ಲಿ ಕಿತ್ತುಬಂದರೆ? ಅವಳಿಗೆ ಮಾತ್ರ ನಗು.

"ಇದನ್ನು ವಾಪಸು ಕಳಿಸ್ತೇನೆ. ಬೇರೆ ನೋಡುವ" ಎಂದೆ.

"ಮತ್ತೆ ನೋಡುವುದಾ?" ಎಂದಳು. ಕಾರಿನ ಬಾಗಿಲು ಹಾಕಿ ಎದ್ದು ನಿಂತಳು. "ಪಪ್ಪ, ಒಂದು ಮಾತು ಹೇಳ್ತೇನೆ. ನಿಮಗೆ ಪೈಪಿನ ತೊಂದರೆ ಅಲ್ಲ. ನಾನು ಕಾರು ಬಿಡುವುದು ತೊಂದರೆ. ಬೇಡ ಅಂದ್ರೆ ಬೇಡ ಅಂತ ಹೇಳಿ. ಉಜಿರೆಯಲ್ಲಿ ರೂಮು ನೋಡ್ತೇನೆ, ಹಾಸ್ಟೆಲಿನ ಪಕ್ಕ ಬೇಕಾದಷ್ಟು ಉಂಟು. ಈ ಬಸ್ಸಿನಲ್ಲಿ ನನಗೆ ಇನ್ನು ಆಗುವುದಿಲ್ಲ."

ಕೋಪದಲ್ಲಿ ಹೇಳಿದ್ದಲ್ಲ. ಮಾರ್ಕೆಟಿನಿಂದ ತರುವ ಸಾಮಾನಿನ ಬಗ್ಗೆ ಹೇಳುವ ಹಾಗೆ ಹೇಳಿ ಒಳಗೆ ಹೋದಳು. ಹೆಣ್ಣುಮಕ್ಕಳ ಸ್ವಾತಂತ್ರ್ಯದ ಕುರಿತು ನಾನು ವರ್ಷಕ್ಕೊಮ್ಮೆ ಕಾಲೇಜಿನಲ್ಲಿ ಭಾಷಣ ಮಾಡುತ್ತೇನೆ, ಚೆನ್ನಾಗಿರುತ್ತದೆ ಎಂದು ಹೇಳುತ್ತಾರೆ. ಆ ಸಂಜೆ ಅಂಗಳದಲ್ಲಿ ಗಿಡ್ಡ ಪೈಪು ಹಿಡಿದು ನಿಂತವನೂ ಅದೇ ಮನುಷ್ಯ. ಮೊದಲ ಬಾರಿಗೆ ನನಗೆ ಎರಡು ತಾರೀಕುಗಳು ಕಂಡವು: ಇನ್ನೊಂದು ಪೊಟ್ಟಣ ಬರುವ ತಾರೀಕು, ಅವಳು ರೂಮು ಹಿಡಿಯುವ ತಾರೀಕು. ಯಾವುದು ಮೊದಲು ಎನ್ನುವುದು ನನ್ನ ಕೈಯಲ್ಲಿತ್ತು. ಆ ದಿನವೇ, ಸ್ಟಿಯರಿಂಗ್ ಎರಡೂ ಕಡೆ ತಿರುಗಿಸಿ ಅಳತೆ ತೆಗೆದು, ಕಪ್ಪು ಹೊದಿಕೆಯ ಪೈಪಿಗೆ ಆರ್ಡರು ಕೊಟ್ಟೆ.

ಹಾಗೆ ಆರ್ಡರು ಕೊಟ್ಟು ಕೂತಾಗ ಉಮರಾಕ ನೆನಪಾದದ್ದು.

ನನ್ನ ಹುಟ್ಟಿದ ಮನೆ ಮಡಂತ್ಯಾರಿನ ಹತ್ತಿರ. ಅಲ್ಲಿಯ ಪೇಟೆಯಲ್ಲಿ ಉಮರಾಕನ ದುಂಡು ಮೂತಿಯ ಬಾಡಿಗೆ ಕಾರು ಇರುತ್ತಿತ್ತು. ಹೆರಿಗೆಗೆ, ಮದುವೆಗೆ, ಆಸ್ಪತ್ರೆಗೆ, ಗಲ್ಫಿಗೆ ಹೋಗುವವರನ್ನು ಬಜ್ಪೆ ವಿಮಾನ ನಿಲ್ದಾಣಕ್ಕೆ ಬಿಡಲಿಕ್ಕೆ, ಎಲ್ಲದಕ್ಕೂ ಅದೇ ಕಾರು. ಉದ್ದನೆಯ ಮನುಷ್ಯ, ಬಿಳಿ ಪಂಚೆ, ಕತ್ತಿನ ಸುತ್ತ ಟವೆಲು. ಅವನದ್ದೊಂದು ಪದ್ಧತಿ ಇತ್ತು. ಎಲ್ಲರೂ ಹತ್ತಿ ಕೂತು ಬಾಗಿಲು ಹಾಕಿದ ಮೇಲೆ ಇಂಜಿನ್ ಶುರು ಮಾಡಿ, ಹೊರಡದೆ, ಬ್ರೇಕಿನ ಮೇಲೆ ಕಾಲು ಒತ್ತಿ ಹಿಡಿದು ಸ್ವಲ್ಪ ಹೊತ್ತು ಕೂರುತ್ತಿದ್ದ. ಎರಡೂ ಕೈ ಸ್ಟಿಯರಿಂಗಿನ ಮೇಲೆ. ಆಮೇಲೆ "ಹೋಗುವ" ಎಂದು ಬಿಡುತ್ತಿದ್ದ. ಪ್ರಾರ್ಥನೆ ಮಾಡುತ್ತಾನೆ ಎಂದು ನಾನು ತಿಳಿದಿದ್ದೆ.

ಹೆಚ್ಚು ಸ್ಪಷ್ಟವಾಗಿರುವುದು ಅಣ್ಣ ಮೊದಲ ಸಲ ದುಬೈಗೆ ಹೊರಟ ಬೆಳಗು. ನಾನು ಆಗ ಕಾಲೇಜಿನಲ್ಲಿದ್ದೆ. ಸಣ್ಣ ಮಳೆ, ಇನ್ನೂ ಸರಿಯಾಗಿ ಬೆಳಕಾಗಿರಲಿಲ್ಲ. ನಾನು ಹಿಂದಿನ ಸೀಟಿನಲ್ಲಿ ಕಿಟಕಿಯ ಪಕ್ಕ ಕೂತಿದ್ದೇನೆ. ಉಮರಾಕ ಬ್ರೇಕು ಒತ್ತಿ ಕೂತಿದ್ದಾನೆ, ತುಟಿ ಅಲುಗುತ್ತಿದೆ. ಕಾರಿನ ಹಿಂದೆ ಮೆಟ್ಟಿಲ ಮೇಲೆ ನಿಂತ ಅಮ್ಮನ ಬಿಳಿ ಸೀರೆಯ ಮೇಲೆ ಬ್ರೇಕ್ ಲೈಟಿನ ಕೆಂಪು ಬಿದ್ದಿದೆ. ಅವನು ಕಾಲು ತೆಗೆದ ಕೂಡಲೇ ಆ ಕೆಂಪು ಆರಿತು.

ಇದನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಹೇಳಿದಾಗ ಕೇಳಿದವರು ಸುಮ್ಮನಾಗುತ್ತಾರೆ, ಅದಕ್ಕೇ ಮತ್ತೆ ಹೇಳುತ್ತೇನೆ. ಆದರೆ ಈ ಸಲ ಪಾಠದ ಅಭ್ಯಾಸ ಅಡ್ಡ ಬಂತು. ಹಿಂದಿನ ಸೀಟಿನಲ್ಲಿ ಕೂತವನಿಗೆ ಚಾಲಕನ ತುಟಿ ಹೇಗೆ ಕಂಡಿತು? ಕನ್ನಡಿಯಲ್ಲಿ ಎನ್ನೋಣ. ಹಾಗಾದರೆ ಅದೇ ಹೊತ್ತಿಗೆ ಬೆನ್ನ ಹಿಂದಿನ ಅಮ್ಮನ ಸೀರೆ? ತಿರುಗಿ ನೋಡಿದೆ ಎನ್ನೋಣ. ಎರಡನ್ನೂ ಒಟ್ಟಿಗೆ ನೋಡಲು ಆಗುವುದಿಲ್ಲ. ಆ ಕಾಲದಲ್ಲೂ ಡೈರಿ ಬರೆಯುತ್ತಿದ್ದೆ, ಅದರಲ್ಲಿ ನನ್ನ ಪರೀಕ್ಷೆಯ ಚಿಂತೆ ಬಿಟ್ಟರೆ ಏನೂ ಇಲ್ಲ. ಮನೆಯ ಮಾತು ತುಳು, ಉಮರಾಕ ಮನೆಯಲ್ಲಿ ಬ್ಯಾರಿ ಆಡುವವನು, ನಾನು ಬರೆಯುವುದು ಕನ್ನಡದಲ್ಲಿ. ಅವನ "ಹೋಗುವ" ಕೂಡ ಅವನದ್ದಲ್ಲ, ನಾನು ಅನುವಾದ ಮಾಡಿದ್ದು.

ಅಣ್ಣನಿಗೆ ಫೋನು ಮಾಡಿ ಕೇಳಿದೆ. ಅವನು ಈಗಲೂ ದುಬೈಯಲ್ಲೇ ಇದ್ದಾನೆ.

"ಉಮರಾಕ ನಿಂತದ್ದಾ? ಎಂತದೂ ನಿಲ್ಲಲಿಲ್ಲ. ಅವ ಬಿಟ್ಟದ್ದೇ ಸ್ಪೀಡು, ನನಗೆ ಬಜ್ಪೆಯವರೆಗೆ ವಾಂತಿ ಬಂದ ಹಾಗೆ ಆಗಿತ್ತು" ಎಂದ. "ನೀನು ಹಿಂದೆ ಕೂತದ್ದಾ? ಜಾಗ ಎಲ್ಲಿತ್ತು ಮಾರಾಯ? ಮಾವಂದಿರೇ ತುಂಬಿದ್ರು."

ಅಣ್ಣನಿಗೆ ಹೆಸರುಗಳೂ ಸರಿಯಾಗಿ ನೆನಪಿರುವುದಿಲ್ಲ. ನಾನು ಆ ಮಾತನ್ನು ಅಷ್ಟಕ್ಕೇ ಬಿಟ್ಟೆ.

ಎರಡನೆಯ ಪೊಟ್ಟಣ ಬಂದ ಮೇಲಿನ ಶನಿವಾರ ನಾನೂ ದೀಕ್ಷಾಳೂ ಕಾರನ್ನು ಗಿಲ್ಬರ್ಟರ ಗ್ಯಾರೇಜಿಗೆ ಒಯ್ದೆವು. ಗಿಲ್ಬರ್ಟರಿಗೆ ಸ್ಟೀಲಿನ ಪೈಪು ಕಂಡರೆ ಆಗುವುದಿಲ್ಲ.

"ರಬ್ಬರು ಪಾಪ, ಹಾಳಾಗುವ ಮೊದಲು ಹೇಳ್ತದೆ. ಬಿರುಕು ಬಿಡ್ತದೆ, ಬೆವರ್ತದೆ. ಇದು ದೊಡ್ಡ ಮನೆಯವರ ಹಾಗೆ. ಒಳಗೆ ಏನಾದ್ರೂ ಹೊರಗೆ ಫಳಫಳ."

"ಕಪ್ಪು ಹೊದಿಕೆ ಉಂಟಲ್ಲ ಅಂಕಲ್, ಫಳಫಳ ಎಲ್ಲುಂಟು?" ಎಂದಳು ದೀಕ್ಷಾ.

"ಆಯ್ತಮ್ಮ. ನಿನ್ನ ಪಪ್ಪ ಇಷ್ಟು ಓದಿ ತರಿಸಿದ್ದು, ಬೇಡ ಅಂದ್ರೆ ನನಗೆ ಪರೀಕ್ಷೆ ಇಟ್ಟಾರು."

ಕೈ ಕೆಲಸ ಮಾಡುತ್ತಿದ್ದಾಗ ಬಾಯಿಗೆ ಬಿಡುವಿರುತ್ತದೆ. ನಾನು ಉಮರಾಕನ ವಿಷಯ ತೆಗೆದೆ. ಪೂರ್ತಿ ಕೇಳಿಸಿಕೊಳ್ಳದೆಯೇ ಗಿಲ್ಬರ್ಟ್ ಚಕ್ರದ ಸಂದಿನಿಂದ ತೀರ್ಪು ಕೊಟ್ಟರು.

"ಪ್ರಾರ್ಥನೆ ಅಲ್ಲ ಎಂತ ಅಲ್ಲ. ಪೆಡಲ್ ಕೆಳಗೆ ಹೋಗ್ತದಾ ನೋಡುವುದು. ಒತ್ತಿ ಹಿಡಿದಾಗ ಮೆಲ್ಲ ಇಳಿದ್ರೆ ಎಲ್ಲಿಯೋ ಲೀಕು ಉಂಟು ಅಂತ ಲೆಕ್ಕ."

"ನೀವು ಅವರನ್ನು ನೋಡಿದ್ದುಂಟಾ?"

"ನೋಡ್ಲಿಕ್ಕೆ ಯಾಕೆ? ಡ್ರೈವರ್ ಅಲ್ವಾ?"

ಪೈಪು ಬದಲಿಸಿದ ಮೇಲೆ ಒಳಗೆ ಸೇರಿದ ಗಾಳಿಯನ್ನು ತೆಗೆಯಬೇಕು. ಅದು ಒಬ್ಬರಿಂದ ಆಗುವ ಕೆಲಸವಲ್ಲ. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಹತ್ತಿರದ ನಿಪ್ಪಲು ಎಂಬ ಸಣ್ಣ ತಿರುಪನ್ನು ಸಡಿಲಿಸಿ ಗಾಳಿ ಬಿಟ್ಟು, ಮತ್ತೆ ಬಿಗಿಯಬೇಕು. ದೀಕ್ಷಾ ಒಳಗೆ ಕೂತಳು. ನನ್ನ ಕೈಗೆ ಬ್ರೇಕ್ ಆಯಿಲಿನ ಬಾಟಲಿ ಕೊಟ್ಟು ಬಾನೆಟ್ಟಿನ ಹತ್ತಿರ ನಿಲ್ಲಿಸಿದರು. ಆಯಿಲ್ ಕಡಿಮೆಯಾದರೆ ಹೊಯ್ಯುವುದು, ಕಾರಿನ ಬಣ್ಣದ ಮೇಲೆ ಚೆಲ್ಲದಂತೆ ನೋಡುವುದು, ಇಷ್ಟೇ ನನ್ನ ಪಾಲು.

"ಒತ್ತು!"

"ಒತ್ತಿದೆ."

"ಹಿಡಿ. ಬಿಡಬೇಡ. ಬಿಡಬೇಡ. ಹಾಂ, ಬಿಡು."

ಒಂದೊಂದೇ ಚಕ್ರಕ್ಕೆ ಇದೇ ಮಾತು. ಆಮೇಲಾಮೇಲೆ ಗಿಲ್ಬರ್ಟ್ ಹೇಳುವ ಮೊದಲೇ ಅವಳು ಒತ್ತಿರುತ್ತಿದ್ದಳು. ಅವರಿಬ್ಬರೂ ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ, ದನಿಯ ಮೇಲೆ ನಡೆಯುತ್ತಿತ್ತು. ಇಬ್ಬರನ್ನೂ ನೋಡುತ್ತಿದ್ದವನು ನಾನೊಬ್ಬ, ಮಾಡಲು ಹೆಚ್ಚೇನೂ ಇಲ್ಲದವನು.

"ಈಗ ಹೇಗುಂಟು?" ಎಂದರು ಗಿಲ್ಬರ್ಟ್ ಎದ್ದು.

"ಕಲ್ಲು" ಎಂದಳು.

ನಾನೂ ಕೂತು ಒತ್ತಿ ನೋಡಿದೆ. ಗಟ್ಟಿಯಾಗಿತ್ತು. ಪೈಪಿನಿಂದ ಗಟ್ಟಿಯಾದದ್ದೋ, ಹಳೆಯ ಎಣ್ಣೆಯ ಜೊತೆ ಗಾಳಿ ಹೋದದ್ದಕ್ಕೋ, ಇಷ್ಟು ಓದಿದ ಮೇಲೆ ಗಟ್ಟಿಯಾಗಲೇಬೇಕೆಂದು ನನ್ನ ಕಾಲು ತೀರ್ಮಾನಿಸಿದ್ದಕ್ಕೋ, ಹೇಳಲಾರೆ. ಗಿಲ್ಬರ್ಟರನ್ನು ಕೇಳಿದರೆ ಹೊಸ ರಬ್ಬರಿಗೂ ಇಷ್ಟೇ ಗಟ್ಟಿಯಾಗುತ್ತಿತ್ತು ಎನ್ನುತ್ತಾರೆ. ಅದಕ್ಕೆ ಕೇಳಲಿಲ್ಲ.

ಮರುದಿನ ಬ್ರೇಕಿನ ಪರೀಕ್ಷೆಗೆಂದು ಮಡಂತ್ಯಾರಿನವರೆಗೆ ಹೋದೆವು. ಕಾರು ಬಿಟ್ಟದ್ದು ದೀಕ್ಷಾ, ನಾನು ಪಕ್ಕದಲ್ಲಿ. ದಾರಿಯಲ್ಲಿ ಅವಳು ಸರಿಯಾಗಿಯೇ ಬಿಟ್ಟಳು ಎಂದು ಬರೆದರೆ ಸಾಕು. ನನ್ನ ಬಲಗಾಲು ಮಾತ್ರ ಇಲ್ಲದ ಪೆಡಲನ್ನು ಹುಡುಕುತ್ತಿತ್ತು. "ಪಪ್ಪ, ಅಲ್ಲಿ ತೂತು ಬೀಳ್ತದೆ" ಎಂದಳು, ರಸ್ತೆಯಿಂದ ಕಣ್ಣು ತೆಗೆಯದೆ.

ಮಡಂತ್ಯಾರಿನಲ್ಲಿ ಉಮರಾಕನ ಮಗಳು ಝೊಹರಾಳ ಬಟ್ಟೆ ಅಂಗಡಿ ಇದೆ. ನಾವು ಶಾಲೆಯಲ್ಲಿ ಒಂದೇ ತರಗತಿ. ಉಮರಾಕ ತೀರಿಹೋಗಿ ಬಹಳ ಕಾಲವಾಯಿತು. ಅಂಗಡಿಯ ಮುಂದೆ ಕಾರು ನಿಲ್ಲಿಸಿ ಒಳಗೆ ಹೋದೆವು.

"ಏನು ಮಾಷ್ಟ್ರೆ, ಮಗಳು ಡ್ರೈವರು, ನೀವು ಸಾಹುಕಾರ್ರು" ಎಂದಳು ಝೊಹರಾ. ಶರಬತ್ತು ತರಿಸಿದಳು. ನಾನು ವಿಷಯ ಕೇಳಿದೆ. ಪ್ರಾರ್ಥನೆ ಎಂದದ್ದಕ್ಕೆ ಅವಳಿಗೆ ನಗು ಬಂತು.

"ಬಾಪ ದುವಾ ಮಾಡ್ತಿದ್ದದ್ದು ಕಾರು ಹತ್ತುವ ಮೊದಲು, ಹೊರಗೆ ನಿಂತು. ಒಳಗೆ ಕೂತ ಮೇಲೆ ಅದಲ್ಲ. ಒಮ್ಮೆ ಒಬ್ಬರು ಬಜ್ಪೆಗೆ ಹೋದವರು ಪಾಸ್‌ಪೋರ್ಟು ಮನೆಯಲ್ಲೇ ಬಿಟ್ಟಿದ್ದರಂತೆ. ಅಲ್ಲಿಂದ ವಾಪಸು ಬಂದದ್ದು. ಆಮೇಲೆ ಬಾಪ ಹೊರಡುವ ಮೊದಲು ಸುಮ್ಮನೆ ಕೂರ್ತಿದ್ರು. ಏನು ಮರೆತದ್ದು ಅಂತ ಜನಕ್ಕೆ ನೆನಪಾಗ್ಲಿಕ್ಕೆ ಅಷ್ಟು ಹೊತ್ತು ಬೇಕಲ್ವಾ?"

"ನೀನು ನೋಡಿದ್ದಾ?"

"ನಾನೆಲ್ಲಿ ನೋಡ್ಲಿಕ್ಕೆ? ಉಮ್ಮ ಹೇಳಿದ್ದು." ಆಮೇಲೆ ದೀಕ್ಷಾಳ ಕಡೆ ತಿರುಗಿ, "ನಿನ್ನ ಪಪ್ಪನಿಗೆ ಶಾಲೆಯಲ್ಲೂ ಹೀಗೇ. ಟೀಚರು ಎರಡು ಕೂಡಿಸು ಎರಡು ಅಂದ್ರೆ, ಯಾರು ಹೇಳಿದ್ದು ಅಂತ ಕೇಳ್ತಿದ್ದ" ಎಂದಳು. ನಾನು ಹಾಗೆ ಕೇಳಿದ ನೆನಪು ನನಗಿಲ್ಲ.

ಹೊರಡುವಾಗ ಅವಳು ಅಂಗಡಿಯ ಬಾಗಿಲಿಗೆ ಬಂದು ಕಾರನ್ನೂ ದೀಕ್ಷಾಳನ್ನೂ ನೋಡಿ, "ನಾಳೆಯಿಂದ ಈ ದಾರಿಯಲ್ಲೇ ಅಲ್ವಾ? ಹಾರನ್ ಹಾಕಿ ಹೋಗು ಮಗಾ" ಎಂದಳು. ನಾಳೆಯಿಂದ ಎಂದು ನಾನು ಹೇಳಿರಲಿಲ್ಲ. ದೀಕ್ಷಾ ನನ್ನ ಮುಖ ನೋಡಿದಳು. "ಹೌದು, ನಾಳೆಯಿಂದ" ಎಂದೆ.

ಅದು ನಿನ್ನೆಯ ಮಾತು. ಈ ಬೆಳಿಗ್ಗೆ ಮೋಡ ಕವಿದಿತ್ತು. ದೀಕ್ಷಾ ಬೇಗ ಎದ್ದು, ತಿಂಡಿ ತಿಂದು, ಚೀಲ ಹಿಂದಿನ ಸೀಟಿಗೆ ಹಾಕಿದಳು. ಹೆಂಡತಿ ಸಿಟೌಟಿನ ಮೆಟ್ಟಿಲ ಮೇಲೆ ನಿಂತಿದ್ದಳು. ನಾನು ಪೇಪರು ಹೆಕ್ಕಿಕೊಂಡು ಕಾರಿಗೂ ಮೊದಲೇ ಅಂಗಳದ ತುದಿಗೆ ಬಂದಿದ್ದೆ. ಯಾಕೆ ಬಂದೆನೆಂದು ನನಗೂ ಸರಿಯಾಗಿ ಗೊತ್ತಿರಲಿಲ್ಲ. ಏನಾದರೂ ಹೇಳಬೇಕೆಂದಿತ್ತು. ಪುಂಜಾಲಕಟ್ಟೆಯ ತಿರುವು, ಎದುರಿನಿಂದ ಬರುವ ಬಸ್ಸು, ಹೀಗೆ ಏನೋ.

ಇಂಜಿನ್ ಶುರುವಾಯಿತು. ಕಾರು ನಾಲ್ಕು ಅಡಿ ಮುಂದೆ ಬಂದು ನಿಂತಿತು. ದೀಕ್ಷಾ ಎರಡೂ ಕೈ ಸ್ಟಿಯರಿಂಗಿನ ಮೇಲಿಟ್ಟು, ಬ್ರೇಕು ಒತ್ತಿ, ನೆಟ್ಟಗೆ ಮುಂದೆ ನೋಡುತ್ತ ಕೂತಳು. ಗ್ಲಾಸು ಏರಿಸಿತ್ತು. ಅವಳ ತುಟಿ ಅಲುಗುತ್ತಿತ್ತು. ಹಿಂದೆ, ಮೆಟ್ಟಿಲ ಮೇಲಿದ್ದ ಹೆಂಡತಿಯ ಬಿಳಿ ನೈಟಿಯ ಮೇಲೆ ಕೆಂಪು ಬೆಳಕು ಬಿದ್ದಿತ್ತು.

ನಾನು ಸುಮ್ಮನೆ ನೋಡುತ್ತ ನಿಂತೆ. ನಿನ್ನೆ ಝೊಹರಾಳ ಮಾತು ಕೇಳಿದ್ದರಿಂದ ಹೀಗೆ ಮಾಡುತ್ತಿದ್ದಾಳೆಯೇ? ಪೆಡಲ್ ಇಳಿಯುತ್ತದೋ ಎಂದು ನೋಡುತ್ತಿದ್ದಾಳೆಯೇ? ಏನಾದರೂ ಮರೆತಳೇ? ಅಥವಾ ನಮ್ಮ ಮನೆಯಲ್ಲಿ ಯಾರೂ ಕಲಿಸದ ಯಾವುದಾದರೂ ಪ್ರಾರ್ಥನೆಯೇ?

ಅವಳು ಗ್ಲಾಸು ಇಳಿಸಿದಳು.

"ಪಪ್ಪ, ಎಷ್ಟು ಸಲ ಹೇಳುವುದು? ಗೇಟು ತೆಗೀರಿ ಮಾರಾಯ್ರೆ!"

ತಿರುಗಿ ನೋಡಿದೆ. ಗೇಟು ಹಾಕಿತ್ತು. ಅದಕ್ಕೆ ಬೆನ್ನು ಕೊಟ್ಟು ನಾನೇ ನಿಂತಿದ್ದೆ.

ಚಿಲಕ ತೆಗೆದು ಗೇಟನ್ನು ಪೂರ್ತಿ ಹಿಂದಕ್ಕೆ ತಳ್ಳಿ ಹಿಡಿದುಕೊಂಡೆ. ಅವಳು ಕೈ ಎತ್ತಿದಳು. ಕೆಂಪು ಆರಿತು, ಕಾರು ನನ್ನ ಪಕ್ಕದಿಂದಲೇ ಹಾದು ರಸ್ತೆಗೆ ಇಳಿದು ತಿರುಗಿತು.

ಚಾಲಕನ ತುಟಿ, ಹಿಂದೆ ನಿಂತವರ ಸೀರೆಯ ಮೇಲಿನ ಕೆಂಪು: ಎರಡೂ ಒಟ್ಟಿಗೆ ಕಾಣುವ ಜಾಗ ಒಂದಿದೆ ಎಂದು ಗೇಟು ಹಿಡಿದು ನಿಂತಿದ್ದಾಗ ಹೊಳೆಯಿತು. ಅದು ಕಾರಿನೊಳಗಿನ ಜಾಗವಲ್ಲ. ಮಡಂತ್ಯಾರಿನ ಮನೆಗೂ ಒಂದು ಮರದ ಗೇಟು ಇತ್ತು, ಎತ್ತಿ ಸರಿಸಬೇಕಾದದ್ದು, ಅದನ್ನು ತೆಗೆಯುವುದು ಮನೆಯ ಕಿರಿಯವನಾದ ನನ್ನ ಕೆಲಸವಾಗಿತ್ತು. ಅಣ್ಣ ಹೇಳಿದ್ದು ಸರಿ ಇರಬಹುದು, ಕಾರಿನಲ್ಲಿ ಜಾಗ ಇರಲಿಲ್ಲ. ಇಷ್ಟು ವರ್ಷ ನೆನಪಿನಲ್ಲಿ ನಾನು ನನ್ನನ್ನೂ ಬಜ್ಪೆಯವರೆಗೆ ಕರೆದುಕೊಂಡು ಹೋಗುತ್ತಿದ್ದೆ. ಆ ಮಳೆಯಲ್ಲಿ ಗ್ಲಾಸಿನ ಹಿಂದೆ ಉಮರಾಕ, ಗೇಟಿಗೆ ಬೆನ್ನು ಕೊಟ್ಟು ನಿಂತ ನನಗೆ ಏನು ಹೇಳುತ್ತಿದ್ದನೋ ಈಗ ಊಹಿಸಬಲ್ಲೆ. ಇದೂ ಈ ಬೆಳಿಗ್ಗೆ ಹೊಸದಾಗಿ ಕಟ್ಟಿಕೊಂಡದ್ದು ಇರಬಹುದು, ಹಾಗೆಂದೇ ಬರೆದಿಡುತ್ತೇನೆ.

ಕಾರು ನಿಂತಿದ್ದ ಜಾಗಕ್ಕೆ ಹೋಗಿ ಬಗ್ಗಿ ನೋಡಿದೆ. ಅಂಗಳದ ಇಂಟರ್‌ಲಾಕ್ ಇಟ್ಟಿಗೆಯ ಮೇಲೆ ಎಲ್ಲಿಯೂ ಎಣ್ಣೆಯ ಹನಿ ಇರಲಿಲ್ಲ.

"ಗೇಟು ಹಾಕಿ ಬನ್ನಿ, ದನ ನುಗ್ತದೆ" ಎಂದಳು ಹೆಂಡತಿ ಒಳಗಿನಿಂದ.

ಇರಲಿ, ಸ್ವಲ್ಪ ಹೊತ್ತು ತೆರೆದಿರಲಿ ಎಂದೆ.